ಮೋರಿಗಿಂತ ಮೊದಲೇ ನಿಂತವರು

ಕುರಿಗಾರಜ್ಜನ ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪಗೆ ಟಾರು ಮೆತ್ತಿಕೊಂಡಿತ್ತು. ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಮುಖವಲ್ಲ, ಆ ಹಿಮ್ಮಡಿ. ಅವರ ಸೊಸೆ ಇದನ್ನು ಒಪ್ಪುವುದಿಲ್ಲ. "ನಮ್ಮ ಮಾವ ಎಕ್ಕಡ ಇಲ್ದೆ ಹೊಸಲು ದಾಟ್ದೋರಲ್ಲ ಮೇಡಂ" ಎನ್ನುತ್ತಾರೆ. ಎರಡೂ ನಿಜವಿರಬಹುದು. ನಾನು ಅವರನ್ನು ಮೊದಲು ಕಂಡ ದಿನ ಅವರು ಎಕ್ಕಡ ಬಿಟ್ಟು, ಹೊಸ ಟಾರಿನ ಮೇಲೆ ಬರಿಗಾಲಲ್ಲಿ ಓಡಿ, ಚರಂಡಿಗೆ ಇಳಿದಿದ್ದರು. ಅಲ್ಲಿ ನಮ್ಮ ಸವಾರಿಗೆ ಬಂದ ಹುಡುಗಿಯೊಬ್ಬಳು ಬಿದ್ದಿದ್ದಳು.

ನಮ್ಮ ಸವಾರಿ ಎಂದರೆ ಚಿತ್ರದುರ್ಗದ ನಾವು ಕೆಲವು ಗೆಳೆಯರು ಸೇರಿ ವರ್ಷಕ್ಕೊಮ್ಮೆ ನಡೆಸುವ ಸೈಕಲ್ ಸವಾರಿ. ಬೆಳಗ್ಗೆ ಊರು ಬಿಟ್ಟು, ತಾಳ್ಯದ ಕಡೆಯ ಹಳ್ಳಿದಾರಿಗಳಲ್ಲಿ ಸುತ್ತಿ ಹೊಳಲ್ಕೆರೆ ಸೇರುವುದು. ಪಂದ್ಯವಲ್ಲ, ಬಹುಮಾನವಿಲ್ಲ. ಆದರೂ ಮೊದಲ ವರ್ಷವೇ ಇನ್ನೂರಕ್ಕೂ ಹೆಚ್ಚು ಜನ ಬಂದರು. ಕಾಲೇಜಿನಲ್ಲಿ ಭೂಗೋಳ ಕಲಿಸುವವಳೆಂದು ದಾರಿಯ ಹೊಣೆ ನನ್ನ ಮೇಲೆ ಬಿತ್ತು. ನಕ್ಷೆ ನೋಡಿದೆ, ಕಾರಿನಲ್ಲಿ ಎರಡು ಸಲ ಹೋಗಿ ಬಂದೆ. ಇಡೀ ದಾರಿಯಲ್ಲಿ ನನಗೆ ಭಯವಿದ್ದದ್ದು ಒಂದೇ ಜಾಗದ ಬಗ್ಗೆ: ಇಳಿಜಾರಿನ ಕೊನೆಗೆ, ತಿರುವಿನ ಮರೆಯಲ್ಲಿ, ಎತ್ತಿನ ಗಾಡಿಯೊಂದು ಹಿಡಿಸುವಷ್ಟೇ ಅಗಲದ, ಪುಟ್ಟ ಸೇತುವೆಯಂಥ ಮೋರಿ. ಕೆಂಪು ಬಾವುಟ ಕೊಟ್ಟು ನಾಲ್ವರನ್ನು ಆ ಮೋರಿಯ ಮೇಲೇ ನಿಲ್ಲಿಸಿ, ನಾನೂ ಅಲ್ಲೇ ನಿಂತೆ. ದಾಟಿದವರು ದಣಿವಾರಿಸಿಕೊಳ್ಳಲೆಂದು ಆಚೆ ಬದಿಗೇ ಮಜ್ಜಿಗೆಯ ಮೇಜು ಹಾಕಿಸಿದೆ. ಇನ್ನು ಚಿಂತೆಯಿಲ್ಲ ಎಂದುಕೊಂಡೆ.

ಮುಂದಿನವರು ಬಾವುಟ ಕಂಡು ಬ್ರೇಕ್ ಹಿಡಿದರು. ದಾಟಿದವರು ಮಜ್ಜಿಗೆಗೆಂದು ಅಲ್ಲೇ ನಿಂತರು. ಹಿಂದೆ ಇಳಿಜಾರಿನಲ್ಲಿ ಬರುತ್ತಿದ್ದವರಿಗೆ ಇದೇನೂ ಕಾಣಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದರು. ಅಂಚಿನಲ್ಲಿದ್ದ ಹುಡುಗಿ ಸೈಕಲ್ ಸಮೇತ ಚರಂಡಿಗೆ ಹೋದಳು. ಹೆಗಲಿನ ಎಲುಬು ಮುರಿದಿತ್ತು.

ಎದುರಿನಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಅವಳನ್ನು ಎತ್ತಿ ಕೂರಿಸಿದರು. ತಮ್ಮ ಕಂಬಳಿಯನ್ನು ಮಡಿಸಿ ಬೆನ್ನಿಗೆ ಕೊಟ್ಟು, ನನ್ನ ಕಡೆ ತಿರುಗಿದರು.

"ಮೋರಿ ಮ್ಯಾಲೆ ನಿಂತ್ಕಂಡು ಯಾರನ್ನ ತಡೀತೀಯವ್ವ? ಇಳಿಜಾರಿಗೆ ಬಿದ್ದ ಮ್ಯಾಲೆ ಅವು ನಿಲ್ತಾವಾ?"

ಬಾವುಟ ಹಿಡಿದಿದ್ದ ಬ್ಯಾಂಕ್ ನೌಕರರೊಬ್ಬರಿಗೆ ಆ 'ಅವು' ಚುಚ್ಚಿತು. "ಅಜ್ಜ, ನಾವೇನು ಕುರಿಗಳಲ್ಲ" ಎಂದರು.

"ಅಲ್ಲ ಬಿಡಪ್ಪ. ಕುರಿ ಆಗಿದ್ರೆ ಬೀಳ್ತಿರ್ಲಿಲ್ಲ."

ಆ ಸಂಜೆ ನಾನು ದಿನಚರಿಯಲ್ಲಿ ಬರೆದ ಸಾಲು ಈಗಲೂ ಇದೆ: "ಮೋರಿಯ ಬಳಿ ಕುರಿಗಳು ಅಡ್ಡ ಬಂದು ಗೊಂದಲ, ಒಬ್ಬಳಿಗೆ ಪೆಟ್ಟು." ಆಸ್ಪತ್ರೆಯಲ್ಲಿ ಹುಡುಗಿಯ ತಂದೆಗೂ ಇದನ್ನೇ ಹೇಳಿದೆ. ನೆನಪನ್ನು ನಂಬಬಾರದೆಂದು ದಿನಚರಿ ಇಡುವವಳು ನಾನು. ಈ ಸಲ ನೆನಪು ನೆಟ್ಟಗಿತ್ತು, ಸುಳ್ಳು ಹೇಳಿದ್ದು ದಿನಚರಿ. ಗೊತ್ತಿದ್ದೇ ಬರೆದೆನೋ, ಬರೆಯುತ್ತಾ ನಂಬಿದೆನೋ, ಹೇಳಲಾರೆ. ವರ್ಷ ತಿರುಗುವಷ್ಟರಲ್ಲಿ ನಂಬಿದ್ದಂತೂ ಹೌದು. ಏಕೆಂದರೆ ಮರುವರ್ಷದ ಸವಾರಿಗೆ ಮುಂಚೆ ನಾನು ಅಜ್ಜನನ್ನು ಹುಡುಕಿಕೊಂಡು ಹೋದದ್ದು, ಆ ದಿನ ಕುರಿಗಳನ್ನು ದಾರಿಗೆ ತರಬೇಡಿ ಎಂದು ಹೇಳುವುದಕ್ಕೆ.

ಇಳಿಜಾರಿನ ಮೇಲ್ತುದಿಯ ಹುಣಸೆಮರದ ಕೆಳಗೆ ನಿಂತಿದ್ದರು. ಎಡಪಾದವನ್ನು ಬಲ ಮೊಣಕಾಲಿಗೆ ಆನಿಸಿ, ಕೋಲಿನ ತುದಿಗೆ ಗಲ್ಲವಿಟ್ಟು ನಿಲ್ಲುವುದು ಅವರ ರೂಢಿ. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು:

"ಬಾರವ್ವ. ಆ ಹುಡುಗಿ ಎಲುಬು ಕೂಡ್ತಾ?"

ಬಂದ ಕೆಲಸದ ಮಾತನ್ನು ಬಿಟ್ಟೆ. "ಕೂಡ್ತು ಅಜ್ಜ. ಕುರಿ ಅಡ್ಡ ಬಂದವು ಅಂತ ಅವರಪ್ಪನಿಗೆ ಹೇಳ್ಬಿಟ್ಟಿದ್ದೀನಿ" ಎಂದೆ.

ಬೈಯುತ್ತಾರೆ ಅಂದುಕೊಂಡೆ. "ಗದ್ಲ ಕೇಳಿದ ಕೂಡ್ಲೇ ಅವನ್ನ ಬೀಳು ಹೊಲಕ್ಕೆ ತಿರುವಿದ್ದೆ ನಾನು" ಎಂದರು. "ಇರ್ಲಿ, ಕುರಿ ಹೆಸ್ರು ಕೆಟ್ರೆ ಏನಾಗ್ತೈತೆ? ನೀನೂ ಅದನ್ನೇ ನಂಬ್ಕಂಡ್ರೆ ಮಾತ್ರ ಈ ಸಲನೂ ಅಲ್ಲೇ ಬೀಳ್ತಾರೆ ನೋಡು."

ಆಮೇಲೆ ಹಿಂಡನ್ನು ಎಬ್ಬಿಸಿದರು. ನಾನು ಮೋರಿಯತ್ತ ಹೆಜ್ಜೆ ಹಾಕಿದೆ. "ಅಲ್ಲಿಗ್ಯಾಕೆ? ಇಲ್ಲೇ ನಿಂತ್ಕ" ಎಂದು ಕೂಗಿದರು. ಮರದ ಬಳಿಯೇ ದಾರಿಗೆ ಕೋಲು ಅಡ್ಡ ಹಿಡಿದು, ಹತ್ತು ಹನ್ನೆರಡು ಕುರಿಗಳನ್ನಷ್ಟೇ ಬಿಟ್ಟು, ಉಳಿದವನ್ನು ತಡೆದರು. ಅಷ್ಟು ಎತ್ತರದಿಂದ ತಿರುವಿನ ಮರೆ ದಾಟಿ ಮೋರಿಯೂ ಅದರಾಚೆಯ ದಾರಿಯೂ ಚೆನ್ನಾಗಿ ಕಾಣುತ್ತವೆ. ಕಾರಿನಲ್ಲಿ ಹೋದವಳಿಗೆ ಅದು ಹೊಳೆದಿರಲಿಲ್ಲ. "ಕೊನೇದರ ಬಾಲ ಮೋರಿ ದಾಟಬೇಕು. ಅಮ್ಯಾಲೆ ಮುಂದಿನವು." ಕೋಲು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. "ಇನ್ನೊಂದವ್ವ. ದಾಟಿದಲ್ಲೇ ನೀರು ತೋರಿಸಬ್ಯಾಡ. ಬಾಯಿ ಹಾಕಿದವು ಅಲ್ಲೇ ನಿಂತು ಹಿಂದಿನವಕ್ಕೆ ದಾರಿ ಕಟ್ತಾವೆ. ನಿನ್ನ ಮಜ್ಜಿಗೆ ದೂರ ಇಟ್ಕ."

ಮಾರನೇ ವಾರ ಹುಡುಗಿಯ ಮನೆಗೆ ಹೋಗಿ ಅವಳ ತಂದೆಗೆ ನಿಜ ಹೇಳಿದೆ. ಹುಡುಗಿ ಅಂದಳು: "ನಂಗೆ ಗೊತ್ತಿತ್ತು ಮೇಡಂ. ನಾನು ಬಿದ್ದಲ್ಲಿಂದ ಕುರಿಗಳು ಹೊಲದಾಗೆ ಕಾಣ್ತಿದ್ವು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಆ ವರ್ಷ ಸವಾರರು ಇನ್ನೂ ಹೆಚ್ಚಾಗಿದ್ದರು. ಮಜ್ಜಿಗೆಯನ್ನು ಮುಂದಿನ ಊರಿನ ಶಾಲೆಯ ಬಯಲಿಗೆ ಸಾಗಿಸಿದ್ದೆವು. ಅಜ್ಜ ಹುಣಸೆಮರದ ಕೆಳಗೆ ನನ್ನ ಪಕ್ಕದಲ್ಲಿ ಕೋಲು ಹಿಡಿದು ನಿಂತರು. ಮಿರುಗುವ ಸೈಕಲಿನ ಒಬ್ಬಾತ ಗಡಿಯಾರ ನೋಡಿಕೊಳ್ಳುತ್ತಾ, "ಬಿಡ್ರಿ ಅಜ್ಜ, ನನ್ನ ಟೈಮ್ ಹೋಗ್ತೈತೆ" ಎಂದ.

"ಎಲ್ಲಿಗೆ ಹೋಗ್ತೈತಪ್ಪ? ಹೊಳಲ್ಕೆರೆಗೇ ತಾನೆ? ಅಲ್ಲೇ ಸಿಗ್ತೈತೆ, ನಿಂತ್ಕ."

ಸುತ್ತ ನಿಂತವರು ನಕ್ಕರು, ಆತನೂ ನಕ್ಕ. ಕೋಲು ಎತ್ತಿದಾಗ ಮಾತ್ರ ಹೊರಟ. ಅಂದು ಯಾರೂ ಬೀಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಆ ಮೋರಿಯಲ್ಲಿ ಯಾರೂ ಬಿದ್ದಿಲ್ಲ. ಇದನ್ನು ನಾನು ನೆನಪಿನಿಂದ ಹೇಳುತ್ತಿಲ್ಲ, ಪ್ರತಿ ವರ್ಷ ಕೊನೆಯ ಸೈಕಲ್ ದಾಟುವವರೆಗೆ ನಿಂತು ನೋಡಿದ್ದೇನೆ.

ಅಜ್ಜ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಈ ಸಲದ ಸವಾರಿಯಲ್ಲಿ ಹುಣಸೆಮರದ ಕೆಳಗೆ ಕೋಲು ಹಿಡಿದು ನಿಂತವಳು ಅದೇ ಹುಡುಗಿ. ಅವಸರ ಮಾಡಿದವರಿಗೆ ಅಜ್ಜನ ಮಾತನ್ನೇ ಹೇಳುತ್ತಿದ್ದಳು.

ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. ಆ ಸಾಲನ್ನು ಹೊಡೆದುಹಾಕಲು ಪೆನ್ನು ಹಿಡಿದವಳು, ಬೇಡವೆನಿಸಿ, ಅದರ ಕೆಳಗೆ ಇನ್ನೊಂದು ಸಾಲು ಬರೆದೆ: "ಕುರಿಗಳು ಆಗಲೇ ಹೊಲದಲ್ಲಿದ್ದವು. ತಪ್ಪು ಜಾಗದಲ್ಲಿ ನಿಂತಿದ್ದವಳು ನಾನು."