ಕುಂಬಳದ ಬಳ್ಳಿ ಮತ್ತು ನಾನು ಮಾಡಿದ ಆಣೆ

ನಿಪ್ಪಾಣಿ ಕಡೆಯ ತಂಬಾಕಿನ ಹೊಲದಲ್ಲಿ ಔಷಧ ಹೊಡೆಯುತ್ತ ನನ್ನ ಅಪ್ಪ ಬಿದ್ದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಗಾಳಿಗೆ ಎದುರಾಗಿ ಹೊಡೆದಿದ್ದರಂತೆ. ಬೆನ್ನಿಗೆ ಪಂಪು ಕಟ್ಟಿಕೊಂಡೇ ಬದುವಿನ ಮೇಲೆ ಬಿದ್ದಿದ್ದರು. ಆಸ್ಪತ್ರೆಯಿಂದ ಬದುಕಿ ಬಂದರು, ಆದರೆ ಆಮೇಲೆ ಚಹಾದ ಬಸಿ ಹಿಡಿದರೆ ಕೈ ನಡುಗುತ್ತಿತ್ತು. ಅವರ ಧೋತರಕ್ಕೆ ಹತ್ತಿದ್ದ ಆ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಕೊನೆಗೆ ಅವ್ವ ಅದನ್ನು ಸುಟ್ಟುಬಿಟ್ಟಳು.

ಮದುವೆಯಾಗಿ ಚಿಂಚಲಿ ಹತ್ತಿರದ ಈ ಹಳ್ಳಿಗೆ ಬಂದ ಮೇಲೆ ಗಂಡನ ಹತ್ತಿರ ನಾನು ಕೇಳಿಕೊಂಡದ್ದು ಒಂದೇ ಮಾತು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಕಬ್ಬಿಗೆ ಅವರು ಬೇಕಾದ ಎಣ್ಣೆ ಹೊಡೆಯಲಿ, ಮನೆಗೆ ತಿನ್ನಲು ಬೆಳೆಯುವ ಹಿತ್ತಲಿಗೆ ಮಾತ್ರ ಬೇಡ.

“ಆತು ಬಿಡು. ಹಿತ್ತಲ ನಿಂದು. ನಾ ಅದರಾಗ ಕೈ ಹಾಕೂದಿಲ್ಲ,” ಎಂದರು ಅವರು. ನಕ್ಕೇ ಹೇಳಿದ್ದರು. ನಾನು ನಂಬಿದೆ. ನಂಬದಿರುವುದಕ್ಕೆ ಕಾರಣವೂ ಇರಲಿಲ್ಲ. ಅವರು ಕುಡಿಯುವವರಲ್ಲ, ಕೈ ಎತ್ತುವವರಲ್ಲ, ಸಂತೆಗೆ ಹೋದರೆ ಹೇಳಿ ಹೋಗುವವರು.

ಹಿತ್ತಲಲ್ಲಿ ಹೀರೆ, ಸೋರೆ, ಕುಂಬಳ ಹಾಕುತ್ತ ಬಂದೆ. ಕುಂಬಳ ಎರಡೆಲೆ ಒಡೆಯುತ್ತಲೇ ಕೆಂಪು ಹುಳಗಳು ಬಂದು ಎಲೆಯನ್ನು ಜರಡಿ ಮಾಡುತ್ತಿದ್ದವು. ಬಿಸಿಲೇರಿದರೆ ಅವು ಕೈಗೆ ಸಿಗುವುದಿಲ್ಲ, ಮುಟ್ಟುವಷ್ಟರಲ್ಲಿ ಹಾರುತ್ತವೆ. ಬೆಳಗಿನ ತಂಪಿನಲ್ಲಿ ಮಂಕಾಗಿ ಕೂತಿರುವಾಗ ಆರಿಸಿ ಸಾಬೂನು ನೀರಿನ ಡಬ್ಬಿಗೆ ಹಾಕಬೇಕು. ಹಾಕಿ, ಎಲೆಯ ಇಬ್ಬನಿ ಆರುವ ಮೊದಲೇ ಒಲೆಯ ಬೂದಿಯನ್ನು ಜಾಳಿಗೆ ಬಟ್ಟೆಯಲ್ಲಿ ಕಟ್ಟಿ ಉದುರಿಸುತ್ತಿದ್ದೆ. ಒಂದಿಷ್ಟು ಹಾಳಾಗುತ್ತಿತ್ತು, ಒಂದಿಷ್ಟು ಉಳಿಯುತ್ತಿತ್ತು. ಉಳಿದದ್ದು ನಮ್ಮಿಬ್ಬರಿಗೂ ಮಗಳಿಗೂ ಸಾಕಾಗಿ ಓಣಿಗೂ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಕೆಂಪು ಹುಳದ ಜೊತೆ ಕಾಯಿ ನೊಣದ ಕಾಟ ವಿಪರೀತವಾಯಿತು. ನಿಂಬೆಹಣ್ಣಿನಷ್ಟಿದ್ದಾಗಲೇ ಕಾಯಿಗೆ ನೊಣ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟಿನ ಹನಿಯೊಂದು ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಕಾಯಿ ಹಳದಿಯಾಗಿ, ಮೆತ್ತಗಾಗಿ ಉದುರುತ್ತದೆ. ಒಡೆದರೆ ಒಳಗೆಲ್ಲ ಬಿಳಿ ಹುಳ. ಉದುರಿದ್ದನ್ನೆಲ್ಲ ಬುಟ್ಟಿಗೆ ತುಂಬಿ ಗುಂಡಿ ತೋಡಿ ಹುಗಿಯುತ್ತಿದ್ದೆ. ಒಂದು ಸಂಜೆ ಗುಂಡಿಯ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಗಂಡ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಆಮೇಲೆ ಕಾಟ ಇಳಿಯಿತು. ಎಲೆ ಹಸಿರಾದವು, ಕಾಯಿ ನಿಂತವು, ಉಬ್ಬಿದವು. ಹಬ್ಬ ಬಂದಷ್ಟು ಸಂತೋಷ ನನಗೆ.

“ನಿನ್ನ ಬೂದಿ ಭಾರಿ ಕೆಲಸ ಮಾಡೇತಿ ನೋಡ,” ಎಂದರು ಗಂಡ, ಊಟದ ತಾಟಿನಿಂದ ತಲೆ ಎತ್ತದೆ.

ಒಂದು ಬೆಳಿಗ್ಗೆ ಕುಂಬಳದ ಹೂವಿನೊಳಗೆ ಸತ್ತ ಜೇನುಹುಳಗಳು ಕಂಡವು. ಹೂವು ಬಗ್ಗಿಸಿ ಅವರಿಗೆ ತೋರಿಸಿದೆ. “ಬಿಸಲಿಗೆ ಸತ್ತಿರಬೇಕು,” ಎಂದರು. ಬಿಸಿಲು ನಿಜವಾಗಿಯೂ ಜೋರಿತ್ತು.

ಪಕ್ಕದ ಮನೆಯಲ್ಲಿ ನಾನು ಚಿಕ್ಕಮ್ಮನ ಹಾಗೆ ಕಾಕು ಎಂದು ಕರೆಯುವ ಹೆಂಗಸಿದ್ದಾರೆ. ಮೀರಜ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವರು. ಇಲ್ಲಿ ನನಗೆ ತವರಿನ ಕೊರತೆ ಕಾಣದಂತೆ ನೋಡಿಕೊಂಡವರು ಅವರೇ. ಅವರೂ ನನ್ನನ್ನು ನೋಡಿ ಕುಂಬಳಕ್ಕೆ ಬೂದಿ ಹಾಕುತ್ತಿದ್ದರು. ಆ ಸಲ ಅವರ ಬಳ್ಳಿಯಲ್ಲಿ ಒಂದು ಕಾಯಿಯೂ ದಕ್ಕಲಿಲ್ಲ.

“ನಿನಗಷ್ಟ ಹೆಂಗ ಹತ್ತತಾವ? ಬೂದ್ಯಾಗ ಮತ್ತೇನರ ಕಲಸ್ತಿ ಏನ?”

“ಇಲ್ಲರಿ ಕಾಕು. ನೀವು ಇಬ್ಬನಿ ಆರಿದ ಮ್ಯಾಲ ಹಾಕತೀರಿ. ಅದಕ್ಕ ಹಿಡಿಯೂದಿಲ್ಲ,” ಎಂದು ನಾನೇ ಹೋಗಿ ಅವರ ಬಳ್ಳಿಗೆ ಬೂದಿ ಉದುರಿಸಿ ಬಂದೆ. ಪ್ರಯೋಜನವಾಗಲಿಲ್ಲ.

ಅದೇ ಹೊತ್ತಿಗೆ ಅವರ ಮಗಳು ಬಸುರಿಯಾಗಿ ತವರಿಗೆ ಬಂದಳು. ಬೆಲ್ಲ ಹಾಕಿ ಕರಿದ ಕುಂಬಳಕಾಯಿಯ ಗಾರಿಗೆ ತಿನ್ನಬೇಕೆಂಬ ಬಯಕೆ ಆಕೆಗೆ. ಕಾಕು ಕಾಯಿ ಕೇಳಲು ಬಂದರು. ಚೆನ್ನಾಗಿ ಬಲಿತದ್ದೊಂದನ್ನು ಆರಿಸಿ ಉಡಿಗೆ ಹಾಕಿದೆ. ಅವರು ಹೊರಡಲಿಲ್ಲ. ಸಂಕೋಚದಿಂದಲೇ ಕೇಳಿದರು: “ಎಣ್ಣಿ ಹೊಡದದ್ದ ಅಲ್ಲ, ಹೌದಲ್ಲ? ಬಸರಿ ಹುಡಿಗಿ, ಅದಕ್ಕ ಕೇಳತೀನಿ. ತಪ್ಪ ತಿಳಕೋಬ್ಯಾಡ.”

“ನನ್ನ ಮಗಳ ಆಣಿ ಕಾಕು. ಒಂದ ಹನಿ ಎಣ್ಣಿ ಸೋಕಿಲ್ಲ.”

ಆಗ ಗಂಡ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನ ಮಾತು ಅವರಿಗೆ ಕೇಳಿಸಿತ್ತು. ಅವರು ಹೊಸೆಯುತ್ತಲೇ ಇದ್ದರು.

ಕೆಲವು ವಾರಗಳ ಮೇಲೆ ತವರಿನಲ್ಲಿ ತಮ್ಮನ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಮಗಳಿಗೆ ಶಾಲೆಯಿದ್ದದ್ದರಿಂದ ಆಕೆಯನ್ನು ಗಂಡನ ಹತ್ತಿರ ಬಿಟ್ಟು ನಾನೊಬ್ಬಳೇ ಹೋಗಿದ್ದೆ. ಮರುದಿನ ಸಂಜೆಗೆ ಬರುತ್ತೇನೆಂದು ಹೇಳಿದ್ದೆ. ಆದರೆ ತಮ್ಮನಿಗೆ ಬೆಳಿಗ್ಗೆಯೇ ರಾಯಬಾಗದಲ್ಲಿ ಕೆಲಸವಿದ್ದದ್ದರಿಂದ ಗಾಡಿಯ ಮೇಲೆ ನನ್ನನ್ನೂ ಕರೆತಂದು ಊರ ಮುಂದೆ ಇಳಿಸಿ ಹೋದ. ಬಾಗಿಲು ತೆರೆದೇ ಇತ್ತು. ಪಡಸಾಲೆ ದಾಟುವಷ್ಟರಲ್ಲಿ ಅಪ್ಪನ ಧೋತರದ ವಾಸನೆ ಬಂತು. ಹಿತ್ತಲಿಗೆ ಹೋಗಿ ನೋಡಿದೆ. ಮೂಗಿಗೆ ಟವೆಲ್ ಸುತ್ತಿಕೊಂಡು, ಬೆನ್ನಿಗೆ ಪಂಪು ಕಟ್ಟಿಕೊಂಡು, ಗಂಡ ಕುಂಬಳದ ಬಳ್ಳಿಗೆ ಎಣ್ಣೆ ಹೊಡೆಯುತ್ತಿದ್ದರು. ಎಲೆಯ ಕೆಳಗೂ ಮೇಲೂ, ಒಂದೂ ಬಿಡದಂತೆ, ನಿಧಾನವಾಗಿ ಹೊಡೆಯುತ್ತಿದ್ದರು. ಇದು ಮೊದಲ ಸಲವಲ್ಲ ಎಂದು ಆ ಕೈ ನೋಡಿದರೇ ತಿಳಿಯುತ್ತಿತ್ತು.

ನನ್ನನ್ನು ಕಂಡು ಪಂಪು ನಿಲ್ಲಿಸಿದರು.

“ಸಂಜಿಗಿ ಬರತೀನಿ ಅಂದಿದ್ದಿ,” ಎಂದರು.

ಆಮೇಲೆ ಟವೆಲ್ ಇಳಿಸಿ ಮುಂದುವರಿಸಿದರು: “ನೀ ಅಳಾಕತ್ತಿದ್ದಿ, ನೋಡಕೋಂತ ಹೆಂಗ ಕೂಡ್ಲಿ? ನಿನ್ನ ಸಲುವಾಗಿ ಹೊಡದೆ. ಬೂದಿಗಿ ಎಲ್ಲಿ ಸಾಯತಾವ ಇವು?”

“ನಾ ಕಾಕು ಮುಂದ ಮಗಳ ಆಣಿ ಮಾಡಿದೆ. ನೀವು ಅಲ್ಲೇ ಕುಂತಿದ್ರಿ.”

“ಆಗ ಹೇಳಿದ್ರ ನಿನ್ನ ಮರ್ಯಾದಿ ಹೋಗತಿತ್ತು.”

“ಈಗ ಉಳೀತೇನ್ರಿ?”

ಅವರು ಪಂಪು ಬಿಚ್ಚಿ ಗೋಡೆಗೆ ಆನಿಸಿದರು. ಅಪ್ಪನ ಹಾಗೆ ಅವರೂ ಬರಿಗೈಯಲ್ಲೇ ಎಣ್ಣೆ ಕಲಸಿದ್ದರು. ಆ ಕೈ ನೋಡಿ ಹೆದರಿಕೆಯಾಯಿತು. ಅಷ್ಟು ಸಿಟ್ಟಿನಲ್ಲೂ ಸಾಬೂನು ತಂದುಕೊಟ್ಟು “ಮದಲ ಕೈ ತೊಳಕೋರಿ” ಎಂದೆ. ಅವರು ತೊಳೆದುಕೊಳ್ಳುತ್ತಿರುವಾಗಲೇ ಕುಡಗೋಲು ತಂದು ಬಳ್ಳಿಗಳನ್ನು ಬುಡಕ್ಕೆ ಕೊಯ್ದೆ. ಅವರು ತಡೆಯಲಿಲ್ಲ.

ಕಾಕುಗೆ ಹೇಳುವುದು ಬೇಡವೆಂದು ಮಧ್ಯಾಹ್ನವೆಲ್ಲ ಬೇಡಿಕೊಂಡರು. ತಿಂದದ್ದು ಅರಗಿ ಹೋಗಿದೆ, ಯಾರಿಗೂ ಏನೂ ಆಗಿಲ್ಲ ಎಂದರು. ನಾನು ಹೋದೆ. ಕಾಕು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಮೊರ ಕೆಳಗಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಯಾವಾಗಿಂದ ಹೊಡ್ಯಾಕತ್ತಿದ್ದ?” ಎಂದು ಕೇಳಿದರು.

ಅದು ನನಗೂ ಗೊತ್ತಿರಲಿಲ್ಲ. ಗಂಡ ಮೊದಲು ಒಂದೇ ಸಲ ಎಂದಿದ್ದರು, ಆಮೇಲೆ ಮಾತು ಜಾರಿ ಅದರ ಹಿಂದಿನ ವರ್ಷ ನಾನು ಮನೆಯಲ್ಲಿಲ್ಲದಾಗ ಹೀರೆಗೂ ಹೊಡೆದ ವಿಷಯ ಹೊರಬಂದಿತ್ತು. “ಗೊತ್ತಿಲ್ಲರಿ,” ಎಂದೆ. ಕಾಕು ನನ್ನ ಮುಖವನ್ನು ತುಸು ಹೊತ್ತು ನೋಡಿದರು. ನಾನು ಹೇಳುತ್ತಿರುವುದರಲ್ಲಿ ಎಷ್ಟು ನಿಜ ಎಂದು ಅಳೆಯುತ್ತಿದ್ದರು ಅನಿಸಿತು. ಎಂದೂ ಅವರು ನನ್ನನ್ನು ಹಾಗೆ ನೋಡಿದವರಲ್ಲ.

ಕಾಕುವಿನ ಮಗಳಿಗೆ ಹೆರಿಗೆ ಸುಸೂತ್ರವಾಯಿತು, ಕೂಸು ಚೆನ್ನಾಗಿದೆ. ಕಾಕು ಈಗಲೂ ಮಾತಾಡಿಸುತ್ತಾರೆ, ಹಬ್ಬಕ್ಕೆ ಕರೆಯುತ್ತಾರೆ. ನಮ್ಮ ಹಿತ್ತಲಿನ ಕಾಯಿಪಲ್ಲೆ ಕೊಟ್ಟರೆ ಮಾತ್ರ “ಮನ್ಯಾಗ ಐತವ್ವಾ” ಎನ್ನುತ್ತಾರೆ.

ಈ ವರ್ಷ ಮತ್ತೆ ಕುಂಬಳ ಹಾಕಿದ್ದೇನೆ. ಹೂವು ಉದುರಿ ಕಾಯಿ ಕಚ್ಚಿದ ಕೂಡಲೇ ಹಳೆ ಸೀರೆಯ ಬಟ್ಟೆಯಲ್ಲಿ ಚೀಲ ಹೊಲಿದು ಒಂದೊಂದಕ್ಕೂ ಕಟ್ಟುತ್ತೇನೆ; ನೊಣ ಚುಚ್ಚಲು ದಾರಿ ಸಿಗುವುದಿಲ್ಲ. ಗೋಡೆಗೆ ಹಬ್ಬಿದ ಬಳ್ಳಿಯ ಎತ್ತರದ ಕಾಯಿಗಳಿಗೆ ಗಂಡನೇ ಏಣಿ ಹಾಕಿ ಕಟ್ಟಿಕೊಡುತ್ತಾರೆ. ಕೇಳದಿದ್ದರೂ ಈಗ ಎಲ್ಲವನ್ನೂ ಹೇಳುತ್ತಾರೆ. “ಬಳ್ಳಿಗಿ ನೀರ ಬಿಟ್ಟೀನಿ,” ಎಂದು ಮೊನ್ನೆ ಒಳಗೆ ಬಂದು ಹೇಳಿದರು. ಹೂಂ ಎಂದೆ. ಅವರು ಚಹಾ ಕುಡಿದು ಹೊಲಕ್ಕೆ ಹೋದ ಮೇಲೆ ಹಿತ್ತಲಿಗೆ ಹೋಗಿ, ಬಗ್ಗಿ, ಬುಡದ ಮಣ್ಣು ಮುಟ್ಟಿ ನೋಡಿದೆ. ಹಸಿಯಾಗಿತ್ತು.