ಮೀನಿನ ಅಳಗೆಯಲ್ಲಿ ಬೆಂದ ಎಲುಬಿನ ಸಾರು

ಕಾಣಿಯೂರಿನ ಝೈನಬಳ ಅಡುಗೆಮನೆಯಲ್ಲಿ ಮಣ್ಣಿನ ಅಳಗೆಗಳು ಎರಡು. ಒಂದು ಮೀನಿಗೆ, ಒಂದು ಕೋಳಿಗೆ. ಎರಡೂ ಹೊಗೆ ತಿಂದು ಒಂದೇ ಬಣ್ಣಕ್ಕೆ ಬಂದವು, ಆದರೆ ಅದರದ್ದು ಇದಕ್ಕೆ ಮುಟ್ಟಬಾರದು. ಮಣ್ಣು ಕುಡಿದ ವಾಸನೆ ಏಳು ನೀರಿನಲ್ಲಿ ತೊಳೆದರೂ ಹೋಗುವುದಿಲ್ಲ. ನಲವತ್ತೈದು ವರ್ಷ ಸಂಸಾರ ತೂಗಿಸಿದ ಹೆಂಗಸು ಈ ಒಂದು ಮಾತಿಗೆ ಉಡದ ಹಾಗೆ ಅಂಟಿಕೊಂಡಿದ್ದಳು.

ಎಲುಬು ಎಸೆಯುವವಳೂ ಅಲ್ಲ. ಊರಕೋಳಿಯ ಮಾಂಸವನ್ನು ಅಕ್ಕಿಯ ಪತ್ತಿರಿ ರೊಟ್ಟಿಗೆ ಬಿಡಿಸಿದ ಮೇಲೆ ಉಳಿದ ಬೆನ್ನು, ಕುತ್ತಿಗೆ, ಕಾಲಿನ ಗಂಟುಗಳನ್ನು ಕೆಂಡದ ಮೇಲೆ ಕೆಂಪಗೆ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ಎರಡು ಹುಳಿ ಬಿಂಬುಳಿ ಕಾಯಿ ಹಾಕಿ ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ ಕುದಿಸುವಳು. ಹುಳಿ ಬಿದ್ದರೆ ಎಲುಬು ತನ್ನ ಗುಟ್ಟು ಬಿಡುತ್ತದೆ ಎನ್ನುವಳು. ನೆರೆಕರೆಯ ಬಾಣಂತಿಯರೆಲ್ಲ ಆ ಸಾರು ಕುಡಿದೇ ಎದ್ದು ಕೂತವರು.

ಊರಿಗೆಲ್ಲ ಹಿಡಿದ ಮದ್ದು ಮನೆಯವನಿಗೆ ಮಾತ್ರ ಹಿಡಿಯಲಿಲ್ಲ. ಗಂಡ ಮೊಯ್ದಿನಬ್ಬ ಡೆಂಗಿ ಜ್ವರ ಬಿಟ್ಟು ಆಸ್ಪತ್ರೆಯಿಂದ ಬಂದವನು ಗಂಜಿ ಕಂಡರೆ ಗೋಡೆಯ ಕಡೆ ತಿರುಗುವನು. ಎರಡು ದಿನ ಸಾರನ್ನೂ ಒಂದು ಗುಟುಕು ಹೀರಿ ಬಟ್ಟಲು ದೂಡಿದ. "ನಾಳೆಯೂ ಎಂತದೂ ಸೇರದಿದ್ದರೆ ಪುನಃ ಪುತ್ತೂರಿಗೆ ಕರಕೊಂಡು ಬನ್ನಿ, ಎಡ್ಮಿಟ್ ಮಾಡುವ" ಎಂದಿದ್ದರು ಡಾಕ್ಟರು.

ಮೂರನೆಯ ದಿನ, ಅಜ್ಜಾವರದಿಂದ ಮದುವೆಯಾಗಿ ಬಂದು ಇನ್ನೂ ತಿಂಗಳಾಗದ ಸೊಸೆ ನುಸ್ರತ್ ತಾನೇ ಎಲುಬು ಒಲೆಗಿಟ್ಟಳು. ಗಂಡನ ಮೈ ಒರೆಸಿ, ಬಟ್ಟೆ ಒಗೆದು ಝೈನಬ ಒಳಗೆ ಬರುವಾಗ ಸಾರು ಇಳಿಸುವ ಹದಕ್ಕೆ ಬಂದಿತ್ತು. ಮುಚ್ಚಳ ತೆಗೆದವಳ ಮೂಗು ಮುದುಡಿತು.

"ಇದು ಯಾವ ಅಳಗೆ ಮಾರಾಯ್ತಿ?"

"ಒಲೆಯ ಹತ್ತಿರ ಕವುಚಿ ಹಾಕಿದ್ದು ಇತ್ತಲ್ಲ ಉಮ್ಮಾ, ಅದು."

"ಅದು ಮೀನಿದ್ದು! ನಿನ್ನೆ ಬಂಗುಡೆ ಬೆಂದದ್ದು. ನಿನಗೆ ಮೂಗು ಉಂಟಾ ಇಲ್ಲವಾ?"

"ಶೀತ ಆಗಿದೆ ಉಮ್ಮಾ. ಎಂತ ಮಾಡುದು ಈಗ, ಚೆಲ್ಲುದಾ?"

ಚೆಲ್ಲಿದರೆ ಮನೆಯಲ್ಲಿ ಬೇರೆ ಎಲುಬಿಲ್ಲ, ಪೇಟೆಯಿಂದ ತರಿಸಿ ಕುದಿಸುವಷ್ಟು ಹೊತ್ತೂ ಇಲ್ಲ. ಗೂಡಿನಲ್ಲಿ ಉಳಿದದ್ದು ಕಾವಿಗೆ ಕೂತ ಹೇಂಟೆ ಒಂದೇ. ಝೈನಬ ಒಂದು ಚಿಟಿಕೆ ಕಾಳುಮೆಣಸು ಹೆಚ್ಚು ಕುಟ್ಟಿ ಹಾಕಿದಳು. ಬಟ್ಟಲನ್ನು ಗಂಡನ ಮುಂದಿಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತಳು.

ಮೊಯ್ದಿನಬ್ಬ ಮೂಸಿದ. ಒಂದು ಗುಟುಕು. ಇನ್ನೊಂದು. ಬಟ್ಟಲಿನ ತಳ ಕಂಡಿತು.

"ಕೋಳಿ ಹೊಳೆಗೆ ಈಜಲಿಕ್ಕೆ ಹೋಗಿತ್ತಾ?"

"ಯಾಕೆ, ಆಗುದಿಲ್ಲವಾ?"

"ಆಗುದಿಲ್ಲ ಅಂತ ಯಾರು ಹೇಳಿದ್ದು? ಇಷ್ಟು ದಿನ ಎಂತ ಹಾಕಿದರೂ ಬಾಯಿಗೆ ಗೊತ್ತೇ ಆಗ್ತಿರಲಿಲ್ಲ. ಇದು ಗೊತ್ತಾಯ್ತು. ಇನ್ನೊಂದು ಸೌಟು ಹಾಕು. ಸ್ವಲ್ಪ ಗಂಜಿಯೂ ಬರಲಿ."

ಬಾಗಿಲಲ್ಲಿ ನಿಂತಿದ್ದ ನುಸ್ರತ್ ಶಾಲನ್ನು ಬಾಯಿಗೆ ಒತ್ತಿಕೊಂಡಳು.

"ನೀನು ನಗಬೇಡ," ಎಂದಳು ಝೈನಬ. "ಗಂಜಿ ತಾ."

ಪುತ್ತೂರಿಗೆ ಹೋಗುವುದು ತಪ್ಪಿತು. ಮರುದಿನ ಝೈನಬ ಪೇಟೆಯ ಕೋಳಿ ಅಂಗಡಿಯಿಂದ ಎಲುಬು ತರಿಸಿದಳು. ಕೋಳಿಯ ಅಳಗೆಯನ್ನು ಕೆಳಗಿಳಿಸಿ ಒರೆಸಿದಳು, ತಿರುಗಿಸಿ ನೋಡಿದಳು, ಮತ್ತೆ ಮೇಲಿಟ್ಟಳು. ಮೀನಿನದ್ದನ್ನು ಒಲೆಗೇರಿಸಿದಳು. ಸೊಸೆ ನೋಡುತ್ತಿರುವುದು ಬೆನ್ನಿಗೆ ಗೊತ್ತಿತ್ತು.

"ಇದು ಅವರಿಗೆ ಮಾತ್ರ, ಅದೂ ಹುಷಾರಾಗುವ ತನಕ," ಎಂದಳು. "ನೀನು ಇದನ್ನೇ ಕಲಿತು ಕೂರಬೇಡ."