ಗೊಗ್ಗರಕ್ಕನ ಮೂರನೇ ಸಾಲು

ನನ್ನ ಗಂಡನ ಅಕ್ಕನನ್ನು ಎಲ್ಲರೂ ಗೊಗ್ಗರಕ್ಕ ಎಂದೇ ಕರೆಯುತ್ತಿದ್ದರು. ಪೋಸ್ಟರಿನಲ್ಲಿ ಬೇರೆ ಹೆಸರು ಇರುತ್ತಿತ್ತು, ಹೊಳೆಯುವ ಅಕ್ಷರದಲ್ಲಿ. ಆ ಹೆಸರಿನಿಂದ ಕೂಗಿದರೆ ಅಕ್ಕ ತಿರುಗಿಯೂ ನೋಡುತ್ತಿರಲಿಲ್ಲ. ಜಾಝ್, ಬ್ಲೂಸ್ ಹಾಡುವುದು ಅವರ ಕಸುಬು. ಹಾಡಿನ ನಡುನಡುವೆ ನಗಿಸುವುದು, ಅಣಕಿಸುವುದು, ಮೊದಲ ಸಾಲಿನಲ್ಲಿ ಕೂತ ಗಂಡಸರ ಬೋಳುತಲೆಗೆ ಒಂದು ಮಾತು ಎಸೆಯುವುದು, ಇವೆಲ್ಲ ಅದರ ಜೊತೆಗೇ ಬರುತ್ತಿದ್ದವು. ಕೂದಲು ಕಪ್ಪಗಿದ್ದಾಗ ಶುರು ಮಾಡಿದವರು ಪೂರ್ತಿ ನೆರೆಯುವವರೆಗೂ ಹಾಡಿದರು. ನಮ್ಮನೆಯವರು ಆಳೆತ್ತರದ ಬಾಸ್ ಪಿಟೀಲನ್ನು ತಬ್ಬಿಕೊಂಡು ಅವರ ಹಿಂದೆ ನಿಂತು ನುಡಿಸುತ್ತಿದ್ದರು. ನಾನು ಅಕ್ಕನ ಗೌನುಗಳನ್ನು ನೋಡಿಕೊಳ್ಳುತ್ತಿದ್ದೆ. ಓದು ನನಗೆ ಹತ್ತಲಿಲ್ಲ, ಸೂಜಿ ಹತ್ತಿತು.

ಜನ ಅಕ್ಕನನ್ನು ಗಟ್ಟಿಗಿತ್ತಿ ಎಂದುಕೊಂಡಿದ್ದರು. ಅಷ್ಟು ಪುಕ್ಕಲು ಜೀವವನ್ನು ನಾನು ಇನ್ನೊಂದು ಕಂಡಿಲ್ಲ.

ಅವರು ಹಾಡಲು ಬಂದದ್ದೇ ಹೆದರಿಕೆಯಿಂದ. ತಾಯಿಯ ಜೊತೆ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರಂತೆ. ಆ ಆವಿಯಿಂದಲೇ ಗಂಟಲು ಹಾಳಾಯಿತು ಎಂದು ತಾಯಿ ಹೇಳುತ್ತಿದ್ದರು. ಅಲ್ಲ, ಅವಳು ಹುಟ್ಟಿದಾಗ ಅತ್ತದ್ದೇ ಗೊಗ್ಗರು ದನಿಯಲ್ಲಂತೆ ಎಂದು ನಮ್ಮನೆಯವರು. ಒಂದು ದಿನ ಹೋಟೆಲಿನ ಊಟದ ಕೋಣೆಯಲ್ಲಿ ಹಾಡುತ್ತಿದ್ದವಳು ಯಾರನ್ನೋ ಮದುವೆಯಾಗಿ ಹೇಳದೆ ಕೇಳದೆ ಹೊರಟುಹೋದಳು. ಮ್ಯಾನೇಜರು ಏದುಸಿರು ಬಿಡುತ್ತ ಕೆಳಗೆ ಓಡಿ ಬಂದ.

"ಇಲ್ಲಿ ದಿನಾ ಹಾಡ್ಕೊಂಡು ಇಸ್ತ್ರಿ ಮಾಡೋದು ಯಾರು?"

ಬೈಗುಳ ಬೀಳುತ್ತದೆ ಎಂದು ಅಕ್ಕ ಪಕ್ಕದವಳನ್ನು ತೋರಿಸಿದರು. ಪಕ್ಕದವಳಿಗೆ ಆ ವಾರ ನೆಗಡಿಯಾಗಿ ಗಂಟಲೇ ಕಟ್ಟಿತ್ತು, ಹಾಗಾಗಿ ಸಿಕ್ಕಿಬಿದ್ದರು. ಅವತ್ತು ಸಂಜೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹಾಡಿದರು.

ನಾನು ಮದುವೆಯಾಗಿ ಬರುವ ಹೊತ್ತಿಗೆ ಅಕ್ಕ ಥಿಯೇಟರುಗಳಲ್ಲಿ ಹಾಡುತ್ತಿದ್ದರು. ಹೆದರಿಕೆ ಮಾತ್ರ ಅಷ್ಟೇ ಹೊಸದಾಗಿತ್ತು. ಗೌನು ತೊಡಿಸಿ, ಬೆನ್ನಿನ ಹುಕ್ಕು ಹಾಕಿ, ಬಿಚ್ಚಿಕೊಳ್ಳದಿರಲಿ ಎಂದು ನಾನು ಮೇಲೊಂದು ಹೊಲಿಗೆ ಹಾಕಬೇಕಿತ್ತು. ಅವರು ನಡುಗುತ್ತಿದ್ದರೆ ಸೂಜಿ ನಿಲ್ಲುತ್ತಿರಲಿಲ್ಲ.

"ಹೋಗಿ ಹೇಳ್ಬಿಡೇ, ನಂಗೆ ಜ್ವರ ಅಂತ."

"ಆಯ್ತಕ್ಕ, ಹೇಳ್ತೀನಿ. ಮೊದ್ಲು ಕೈ ಎತ್ತಿ."

"ವಾಂತಿ ಬರ್ತಿದೆ ಕಣೇ."

"ಬಂದ್ರೆ ಆ ಕಡೆ ಮಾಡಿ. ಇದು ಇಸ್ತ್ರಿ ಆಗಿದೆ."

ನಗುತ್ತಿದ್ದರು. ಆ ನಗು ಇಳಿಯುವಷ್ಟರಲ್ಲಿ ಬೆನ್ನಿಗೆ ಕೈ ಕೊಟ್ಟು ನೂಕಿಬಿಡುತ್ತಿದ್ದೆ. ಬೆಳಕಿಗೆ ಕಾಲಿಟ್ಟ ಮೇಲೆ ಅವರು ಬೇರೆಯೇ ಹೆಂಗಸು.

ಬ್ಲೂಸ್ ಎಂದರೇನು ಎಂದು ನನ್ನನ್ನು ಕೇಳುವವರಿದ್ದಾರೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಒಂದು ಸಂಕಟವನ್ನು ಒಂದು ಸಾಲಿನಲ್ಲಿ ಹೇಳುವುದು, ಅದನ್ನೇ ಇನ್ನೊಮ್ಮೆ ಹೇಳುವುದು, ಮೂರನೇ ಸಾಲಿನಲ್ಲಿ ಅದಕ್ಕೊಂದು ಜವಾಬು ಕೊಡುವುದು. ಬಾಗಿಲು ತಟ್ಟಿದೆ, ಒಳಗಿದ್ದವರು ತೆಗೆಯಲಿಲ್ಲ ಎಂದು ಅಕ್ಕ ಎರಡು ಸಲ ಹಾಡಿದರೆ ಸಭೆಗೆ ಸಭೆಯೇ ಉಸಿರು ಹಿಡಿಯುತ್ತಿತ್ತು. ಆಮೇಲೆ ನೋಡಿದರೆ ಮನೆ ನನ್ನದೇ, ಒಳಗಿದ್ದವಳೂ ನಾನೇ ಎಂದು ಮೂರನೆಯದು ಬೀಳುತ್ತಿತ್ತು. ಜನ ಅದಕ್ಕೇ ಬರುತ್ತಿದ್ದರು.

ಜಾಝ್‌ನಲ್ಲಿ ಇನ್ನೊಂದು ಪದ್ಧತಿ ಇದೆ. ಮಾತನ್ನೇ ಬಿಟ್ಟು ದಾಬಿ ದೂಬಿ ಎಂದು ತುತ್ತೂರಿಯ ಹಾಗೆ ಗಂಟಲಿನಲ್ಲಿ ನುಡಿಸುವುದು. ಹಾಡುವವರು ಹಾಗೆ ಹೊರಟರೆ ವಾದ್ಯದವರು ಅದೇ ಸುತ್ತನ್ನು ಮತ್ತೆ ಮತ್ತೆ ನುಡಿಸುತ್ತಿರಬೇಕು. ಅವರು ಮತ್ತೆ ಮಾತಿಗೆ ಬರುವವರೆಗೆ ನಿಲ್ಲಿಸುವಂತಿಲ್ಲ. ಅಕ್ಕ ಅಪರೂಪಕ್ಕೆ, ಉಪ್ಪಿನಕಾಯಿಯ ಹಾಗೆ, ಒಂದಿಷ್ಟು ಮಾಡುತ್ತಿದ್ದರು.

ನಡುವೆ ಒಣ ಕಾಲವೂ ಬಂತು. ಆ ಸಂಗೀತ ಹಳತಾಯಿತು. ಕುರ್ಚಿ ಮೇಜಿನ ಅಂಗಡಿ ತೆರೆಯುವಾಗಲೂ ಹಾಡಿದ್ದಾರೆ, ಸೋಫಾ ಕೊಳ್ಳಲು ಬಂದವರು ಮಾತಾಡುತ್ತಲೇ ಇದ್ದರು. ಆಮೇಲೆ ಹಳತು ಎಂಬ ಕಾರಣಕ್ಕೇ ಮತ್ತೆ ಕರೆದರು. ಈ ಸಲ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಅಂಥದೇ ಒಂದು ಮಧ್ಯಾಹ್ನದ ಆಟ. ಅಕ್ಕ ಬಾಗಿಲಿನ ಹಾಡು ಎತ್ತಿಕೊಂಡರು. ಒಂದು ಸಲ ಹಾಡಿದರು, ಎರಡನೇ ಸಲ ಹಾಡಿದರು. ಮೂರನೆಯದಕ್ಕೆ ಬಾಯಿ ತೆರೆದರು, ಏನೂ ಬರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತಿದ್ದ ನನಗೆ ಅವರ ಬೆನ್ನು ಕಾಣುತ್ತಿತ್ತು. ಹೊಲಿಗೆ ಹಾಕಿದ ಕಡೆ ಬಟ್ಟೆ ಬಿಗಿಯಿತು. ಅಷ್ಟರಲ್ಲಿ ದಾಬಿ ದೂಬಿ ಶುರುವಾಯಿತು. ಚಪ್ಪಾಳೆಯೋ ಚಪ್ಪಾಳೆ.

ಅಕ್ಕ ಒಳಗೆ ಬಂದರು.

"ಏನಕ್ಕ, ಹೊಸ ವರಸೆ?"

"ವರಸೆ ಅಲ್ಲ ಕಣೇ. ಹೋಯ್ತು."

"ಏನ್ ಹೋಯ್ತು?"

"ಸಾಲು. ನನ್ನ ಸಾಲು. ಅಲ್ಲೇ ಇಟ್ಟಿದ್ದೆ, ನೋಡಿದ್ರೆ ಇಲ್ಲ."

ಆಮೇಲೆ ಅದು ಹೋಗುತ್ತಲೇ ಇತ್ತು. ಮನೆಯಲ್ಲಿ ಚಹಾಕ್ಕೆ ನೀರಿಟ್ಟು ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಥಿಯೇಟರಿನ ಓಣಿಯಲ್ಲಿ ಬಚ್ಚಲಿಗೆಂದು ಹೊರಟು ಗೋಡೆ ಸವರುತ್ತ ವಾಪಸ್ ಬರುತ್ತಿದ್ದರು. ಸ್ಟೇಜಿನ ಮೇಲೆ ದಾಬಿ ದೂಬಿ ಹೆಚ್ಚಾಯಿತು. ಅದು ಹೆಚ್ಚಾದಷ್ಟೂ ಜನ ಮೆಚ್ಚಿದರು. ಡಾಕ್ಟರು ನಮ್ಮನೆಯವರನ್ನು ಹೊರಗೆ ಕರೆದು, ಈ ಮರೆವು ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ಮನೆಗೆ ಬಂದು ಅವರು ಊಟ ಮಾಡಲಿಲ್ಲ.

ಒಂದು ದಿನ ಅಕ್ಕನ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳಿದರು.

"ದಾಬಿ ದೂಬಿ ಅಂತ ಹಾಗೇ ಒಳಗೆ ಹೋಗಿ ಹೊರಗೆ ಬರೋ ದಾರಿ ಸಿಗದಿದ್ರೆ?"

"ಹಾಗೆಲ್ಲ ಅನ್ಬೇಡಿ ಅಕ್ಕ."

"ಬೈದ್ರೆ ನಿಲ್ಲಿಸ್ಬಹುದು. ಚಪ್ಪಾಳೆ ಹೊಡೆದ್ರೆ ಹೇಗೆ ನಿಲ್ಲಿಸೋದು ಹೇಳು? ಅವ್ರು ಹೊಡೀತಾನೇ ಇರ್ತಾರೆ, ನಾನು ಸುತ್ತುತ್ತಾನೇ ಇರ್ತೀನಿ."

ಬಾಚಣಿಗೆ ಪಕ್ಕಕ್ಕಿಟ್ಟು ಅವರ ಜಡೆ ಹೆಣೆಯತೊಡಗಿದೆ.

ದೊಡ್ಡ ಥಿಯೇಟರಿನವರು ವಿದಾಯದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಬೇಡ ಎಂದರು ನಮ್ಮನೆಯವರು. ಅಕ್ಕ ಕೇಳಲಿಲ್ಲ.

"ಲೋ ತಮ್ಮಾ, ಒಂದೇ ಒಂದ್ಸಲ. ನಾನಾಗಿ ಹೋಗಿ ನಾನಾಗಿ ಬರ್ತೀನಿ. ಅದು ಆಗದಿದ್ರೆ ಇಷ್ಟು ವರ್ಷ ಹಾಡಿದ್ದು ಏನಕ್ಕೆ? ಎತ್ಕೊಂಡ್ ಬರೋ ಹಾಗೆ ಆಗಬಾರದು ಅಷ್ಟೆ."

ಆ ಸಂಜೆ ಅಕ್ಕ ನಡುಗಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಹೆದರುವುದನ್ನೂ ಮರೆತರೇನೋ ಎಂದುಕೊಳ್ಳುತ್ತ ನನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡೆ. ಮೊದಲ ಹಾಡುಗಳು ಚೆನ್ನಾಗಿಯೇ ಹೋದವು. ಒಂದು ಬೋಳುತಲೆಯನ್ನೂ ಬಿಡಲಿಲ್ಲ. ಕೊನೆಯ ಹಾಡಿನಲ್ಲಿ, ರೈಲು ತಪ್ಪಿಸಿಕೊಂಡ ಹೆಂಗಸಿನ ಹಾಡು, ಎರಡನೇ ಸಾಲು ಮುಗಿಯಿತು. ದಾಬಿ ದೂಬಿ.

ಒಂದು ಸುತ್ತು ಆಯಿತು, ಇನ್ನೊಂದು ಆಯಿತು. ಜನ ಸಿಳ್ಳೆ ಹಾಕಿದರು. ಅಕ್ಕ ಮತ್ತೂ ಸುತ್ತಿದರು. ಪಿಯಾನೋದವನನ್ನು ನಾವು ಗಡಿಬಿಡಿ ಎಂದು ಕರೆಯುತ್ತಿದ್ದೆವು. ಅವನು ನಮ್ಮನೆಯವರ ಕಡೆ ಹುಬ್ಬೇರಿಸಿದ. ಅವರು ಬಾಸ್ ಬಿಡದೆ ಅಕ್ಕನನ್ನೇ ನೋಡುತ್ತಿದ್ದರು, ಕಣ್ಣಲ್ಲಿ ನೀರು. ಅಕ್ಕ ಅರ್ಧ ತಿರುಗಿದಾಗ ಮುಖ ಕಂಡಿತು. ಬಾಯಿ ಹಾಡುತ್ತಿತ್ತು, ಕಣ್ಣು ಹುಡುಕುತ್ತಿತ್ತು. ಸಂತೆಯಲ್ಲಿ ಅಮ್ಮನ ಕೈ ಬಿಟ್ಟ ಮಗುವಿನ ಕಣ್ಣು. ಓಡಿಹೋಗಿ ಎಳೆದು ತರೋಣ ಎನಿಸಿತು. ಹಾಗೆ ತಂದರೆ ಅವರು ಯಾವುದಕ್ಕೆ ಹೆದರಿದ್ದರೋ ಅದೇ ಆಗಿಬಿಡುತ್ತಿತ್ತು. ಪರದೆಯ ಹಗ್ಗ ಹಿಡಿದು ನಿಂತುಕೊಂಡೆ.

ಅಷ್ಟರಲ್ಲಿ ಅಕ್ಕ ಕೈ ಎತ್ತಿದರು. ವಾದ್ಯಗಳು ಒಂದೊಂದಾಗಿ ನಿಂತವು.

"ಇಷ್ಟು ಹೊತ್ತು ನಾನು ಏನು ಹಾಡಿದೆ ಅಂತ ಯಾರಿಗಾದ್ರೂ ಗೊತ್ತಾಯ್ತಾ?" ಎಂದರು ಮೈಕಿನಲ್ಲಿ.

ಜನ ನಕ್ಕರು.

"ನಗಬೇಡ್ರಪ್ಪ. ನಂಗೂ ಗೊತ್ತಿಲ್ಲ. ಮುಂದಿನ ಸಾಲು ಮರೆತೋಗಿದೆ. ಇವತ್ತೊಂದೇ ಅಲ್ಲ. ತುಂಬಾ ದಿನದಿಂದ ಮರೀತಿದೆ, ನೀವು ಚಪ್ಪಾಳೆ ಹೊಡೀತಿದ್ರಿ."

ಇನ್ನೂ ಒಬ್ಬಿಬ್ಬರು ನಕ್ಕರು, ಆಮೇಲೆ ಅವರೂ ನಿಲ್ಲಿಸಿದರು. ಬೈಯುತ್ತಾರೋ, ಎದ್ದು ಹೋಗುತ್ತಾರೋ ಎಂದು ಪರದೆಯ ಸಂದಿನಿಂದ ಇಣುಕಿದೆ. ಹಿಂದಿನಿಂದ ಒಬ್ಬಳು ಹೆಂಗಸು ಕೂಗಿದಳು.

"ಪರವಾಗಿಲ್ಲಮ್ಮ, ಇನ್ನೊಂದ್ಸಲ ಹಾಡಿ!"

"ಇಲ್ಲಮ್ಮ," ಎಂದರು ಅಕ್ಕ. "ಹೆದರಿಕೆ ಆಗುತ್ತೆ."

ಹೆದರಿಕೆ ಎಂಬ ಮಾತನ್ನು ಅವರು ಬೆಳಕಿನಲ್ಲಿ ನಿಂತು ಹೇಳಿದ್ದು ಅದೇ ಮೊದಲು. ಮೈಕನ್ನು ಕಂಬಕ್ಕೆ ಸಿಕ್ಕಿಸಿ, ಗೌನಿನ ಅಂಚು ಎತ್ತಿ ಹಿಡಿದು, ನೇರವಾಗಿ ನನ್ನ ಕಡೆಗೆ ನಡೆದು ಬಂದರು. ಯಾರೂ ಕೈ ಹಿಡಿಯಲಿಲ್ಲ. ನನ್ನ ಹತ್ತಿರ ಬಂದು ಬೆನ್ನು ತಿರುಗಿಸಿ, "ಬಿಚ್ಚೇ ಇದನ್ನ, ಉಸಿರು ಕಟ್ತಿದೆ," ಎಂದರು.

ಆಮೇಲೆ ನಮ್ಮ ಜೊತೆಗೇ ಬಹಳ ವರ್ಷ ಬದುಕಿದರು. ಅವರ ನೆನಪಿನಿಂದ ತಮ್ಮನ ಹೆಸರು ಹೋಯಿತು, ನನ್ನದು ಹೋಯಿತು, ಅವರದೂ ಹೋಯಿತು. ಸಂಜೆಯಾಗುತ್ತಿದ್ದ ಹಾಗೆ ಮಾತ್ರ ಎಲ್ಲಿಂದಲೋ ಆ ನಡುಕ ವಾಪಸ್ ಬಂದುಬಿಡುತ್ತಿತ್ತು. ನನ್ನ ಸೆರಗು ಜಗ್ಗಿ ಕೇಳುತ್ತಿದ್ದರು.

"ಎಷ್ಟೊತ್ತಿಗೆ ಹೋಗ್ಬೇಕಮ್ಮ?"

"ಇವತ್ತು ಇಲ್ಲ ಅಕ್ಕ. ಇವತ್ತು ರಜ."

"ನಿಜವಾಗ್ಲೂ?"

"ದೇವರಾಣೆ."

ಭುಜ ಇಳಿಸಿ, ಕಾಲು ಚಾಚಿ, ಪರೀಕ್ಷೆ ಮುಂದಕ್ಕೆ ಹೋದ ಹುಡುಗಿಯಂತೆ ನಗುತ್ತಿದ್ದರು. ಮಾರನೇ ದಿನ ಸಂಜೆ ಮತ್ತೆ ಕೇಳುತ್ತಿದ್ದರು. ನಾನು ಮತ್ತೆ ರಜ ಕೊಡುತ್ತಿದ್ದೆ.